ಸಂಗೀತಕ್ಕೆ ನೀನೂ ಬಂದಿದ್ದೀಯ

ಪುಟ್ಟಿ,

ರಾತ್ರಿ ಪಾಳಿ ಮುಗಿಸಿ ಮಲಗಿದವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಪಿಟೀಲು ಕೇಳಲು ಹೊರಟಿದ್ದೇನೆ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು.

ಎದ್ದ ಮೇಲೆ ಮುಂದಿನ ಕೋಣೆಯ ಲೈಟ್ ಹಾಕಬೇಡ. ಬಾಲ್ಕನಿಯಲ್ಲಿ ಒಣಗಿರುವ ನಿನ್ನ ಯೂನಿಫಾರ್ಮ್ ತೆಗೆಯಲೂ ಹೋಗಬೇಡ. ಕೆಳಮನೆ ಆಂಟಿಯ ಲೆಕ್ಕದಲ್ಲಿ ನೀನು ನನ್ನ ಪಕ್ಕ ಸಭಾಂಗಣದಲ್ಲಿ ಕೂತಿರುತ್ತೀಯ.

ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಿ, "ಈ ಸಲಾನೂ ಒಬ್ಳೇನಾ? ಅಯ್ಯೋ ಪಾಪ, ಜೊತೆಗೆ ಯಾರೂ ಸಿಗ್ಲಿಲ್ವೇನಮ್ಮಾ?" ಎಂದರು. ಆ ಕನಿಕರ ನುಂಗಲಾಗದೆ, "ಇಲ್ಲ ಆಂಟಿ, ತಂಗೀನೂ ಬರ್ತಾಳೆ" ಎಂದುಬಿಟ್ಟೆ. ಅಲ್ಲಿಗೆ ಹೋದರೂ ನನ್ನದು ಇದೇ ಕಥೆ. ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟು, ಯಾರೋ ಬರುವವರಿದ್ದಾರೆ ಎನ್ನುವಂತೆ ಬಾಗಿಲ ಕಡೆ ನೋಡುತ್ತಿರುತ್ತೇನೆ. ಪಿಟೀಲು ಶುರುವಾದ ಮೇಲಷ್ಟೇ ಅದು ಮರೆತುಹೋಗುತ್ತದೆ.

ಬರೆದದ್ದನ್ನು ಓದಿಕೊಂಡೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನನ್ನ ಮಾನ ಉಳಿಯಲೆಂದು, ದುಡಿದು ಬಂದವಳನ್ನು ಕತ್ತಲಲ್ಲಿ ಕೂರಿಸಲು ಹೊರಟಿದ್ದೆನಲ್ಲ! ಬೇರೆ ಕಾಗದ ಹುಡುಕಲು ಹೊತ್ತಿಲ್ಲ, ಆ ಸಾಲುಗಳ ಮೇಲೆ ಗೀಟು ಎಳೆದಿದ್ದೇನೆ.

ಲೈಟ್ ಹಾಕು. ಯೂನಿಫಾರ್ಮ್ ತೆಗೆದುಕೋ. ಇಳಿಯುವಾಗ ಆಂಟಿಗೆ ನಾನೇ ನಿಜ ಹೇಳಲು ನೋಡುತ್ತೇನೆ. ನನಗೆ ಬಾಯಿ ಬಾರದೆ, ಸಂಜೆ ಅವರು ಕತ್ತೆತ್ತಿ, "ನೀನು ಹೋಗ್ಲಿಲ್ವಾ?" ಎಂದರೆ, "ಅಕ್ಕ ಒಬ್ಳೇ ಹೋಗಿದ್ದಾಳೆ, ಪಿಟೀಲು ಅಂದ್ರೆ ಅವಳಿಗೆ ಪ್ರಾಣ" ಎನ್ನು.

ಬ್ಯಾಗನ್ನು ಇವತ್ತು ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ.

ಅಕ್ಕ