ಕೆಂಪು ಕಾರಿನಲ್ಲಿ ತೇರದಾಳಕ್ಕೆ

ಪೂರ್ಣಿಮಾನ ಅಜ್ಜಾರಿಗೆ,

ನೀವು ತೀರಿಹೋದ ಮೇಲೆ ನಮ್ಮ ಮೊಮ್ಮಗಳು ಪೂರ್ಣಿಮಾ ಜಮಖಂಡಿಯಿಂದ ಒಂದು ಹಳೆಯ ರೇಸಿನ ಕಾರು ಕೊಂಡು ತಂದಿದ್ದಾಳೆ. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ, ಬೇಕೆಂದಾಗ ಮಡಚಿಡಬಹುದು. ಪ್ರತಿ ರವಿವಾರ ಅದರ ಕೆಳಗೆ ಮಲಗಿ ಪೈಪು, ಬ್ರೇಕು, ಆಯಿಲ್ ಅಂತ ಒದ್ದಾಡುತ್ತಿದ್ದಳು. "ಇದು ಓಣಿ ದಾಟೂದಿಲ್ಲ, ಗುಜರಿಗೆ ಹಾಕ್ರಿ" ಎಂದು ನಿಮ್ಮ ಅಣ್ಣ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಹುಡುಗಿಯ ಮುಖ ಸಣ್ಣದಾಗುತ್ತಿತ್ತು.

ಇವತ್ತು ಬೆಳಿಗ್ಗೆ ಅದು ಗುರ್ ಎಂದಿತು ನೋಡಿ! "ಆಯಿ, ಹತ್ತ ಬೇ!" ಎಂದಳು. ಹತ್ತುವುದೆಲ್ಲಿ, ನೆಲಕ್ಕೇ ಕೂತಂತೆ ಕೂತೆ. ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಗಾಳಿಗೆ ತಲೆಯ ಮೇಲಿನ ಸೆರಗು ಹಾರಿತು. ಮದುವೆಯಾದಾಗಿನಿಂದ ಭಾವನ ಮುಂದೆ ಬರೀ ತಲೆಯಲ್ಲಿ ನಿಂತವಳಲ್ಲ ನಾನು. ಆದರೂ ಎಳೆದುಕೊಳ್ಳಲಿಲ್ಲ. "ಭಾವಾರ, ಓಣಿ ದಾಟಿ ಹೊಂಟೇತ್ರಿ!" ಎಂದು ಕೂಗಿದೆ. ಅವರು ಕಟ್ಟೆಯಿಂದ ಎದ್ದು ನಿಂತು ನೋಡಿದರು.

ತೇರದಾಳದ ತನಕ ಹೋಗಿ ಬಂದೆವು. ದಾರಿಯುದ್ದಕ್ಕೂ ನಾನು ನಕ್ಕಿದ್ದೇ ನಕ್ಕಿದ್ದು. ನಿಮ್ಮ ಮೋಟರ್‌ಸೈಕಲ್ಲಿನ ಹಿಂದೆ ಯಾವಾಗಲೂ ನೀವು ಮಾರಲು ಒಯ್ಯುತ್ತಿದ್ದ ಸೀರೆಯ ಗಂಟೇ ಕೂತಿರುತ್ತಿತ್ತು, ನಾನಲ್ಲ. ನನಗೆ ಗಾಳಿ ಇಷ್ಟು ಸೇರುತ್ತದೆ ಎಂದು ನಿಮಗೂ ಗೊತ್ತಿರಲಿಲ್ಲ, ನನಗೂ.