ಬೀಗದ ಪಾಠ ರದ್ದು ಮಾಡಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ಕಾವಲುಗಾರರಿಗೆ ತರಬೇತಿ ಕೊಡುವ ನಮ್ಮ ಮೇಡಂಗೆ ನೀವು ವೇದಿಕೆ ಮೇಲೆ 'ಅತ್ಯುತ್ತಮ ತರಬೇತುದಾರರು' ಎಂಬ ಪ್ರಶಸ್ತಿ ಕೊಟ್ಟಿರಿ. ಅದೇ ವಾರ ಅವರ ಪಾಠವನ್ನು ರದ್ದು ಮಾಡಿದಿರಿ. ಬಾಲಮಂದಿರದ ಭೇಟಿ ಕೋಣೆಯ ಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ ಇವೆ: ನೀವು ಹಲ್ಲು ಕಿರಿದು ಫಲಕ ಕೊಡುತ್ತಿರುವ ಫೋಟೋ, ನೀವೇ ಸಹಿ ಹಾಕಿದ ಸುತ್ತೋಲೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಸುತ್ತೋಲೆ ಓದಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೈ ಉರಿಯಿತು.

ಆ ಪಾಠ ಏನೆಂದು ನಿಮಗೆ ಗೊತ್ತಾ? ತಪ್ಪು ಮಾಡಿದ ಹುಡುಗರನ್ನು ಕೂಡಿಹಾಕುವ ಒಂಟಿ ಕೋಣೆಗೆ ಮೇಡಂ ಪ್ರತಿ ಕಾವಲುಗಾರನನ್ನೂ ಹಾಕಿ ಬೀಗ ಜಡಿಯುತ್ತಿದ್ದರು. ವಾಚು, ಫೋನು ಹೊರಗೆ. ಯಾವಾಗ ತೆಗೆಯುತ್ತೇವೆ ಅಂತ ಹೇಳುವುದಿಲ್ಲ. ಅಷ್ಟೇ ಪಾಠ.

ಆ ಕೋಣೆ ನನಗೆ ಗೊತ್ತು. ನಾನೂ ಅಲ್ಲೇ ಇದ್ದಾಗ, ಹದಿನೈದನೇ ವಯಸ್ಸಿನಲ್ಲಿ, ಜಗಳ ಆಡಿದೆನೆಂದು, ನಾವು 'ಗಡವ' ಎಂದು ಕರೆಯುತ್ತಿದ್ದ ಕಾವಲುಗಾರ ನನ್ನನ್ನು ಒಳಗೆ ತಳ್ಳಿ ಊಟಕ್ಕೆ ಹೋದ. ಬಂದು ಹರಟೆಗೆ ಕೂತ. ಬಾಗಿಲು ಬಡಿದೆ. "ನಾಟಕ ಸಾಕು, ಮುಚ್ಕೊಂಡಿರೋ," ಅಂದ. ಬಟ್ಟೆಯಲ್ಲೇ ಒದ್ದೆ ಮಾಡಿಕೊಂಡೆ. ಬಾಗಿಲು ತೆಗೆದಾಗ ಎಲ್ಲರೂ ನೋಡಿದರು.

ಮೇಡಂ ಬಂದ ಮೇಲೆ ಹಳೆ ಕಾವಲುಗಾರರಿಗೂ ಪಾಠ ಆಯಿತು. ಗಡವ ಒಳಗೆ ಹೋದ. ನಾವು ಅಂಗಳದಲ್ಲಿ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ದಡದಡ. "ಅಣ್ಣಾ, ನಾಟಕ ಸಾಕು," ಅಂತ ಒಬ್ಬ ಕೂಗಿದ, ಬಿದ್ದು ಬಿದ್ದು ನಕ್ಕೆವು. ಮೇಡಂ ನಗಲಿಲ್ಲ. ಬೀಗ ತೆಗೆದು ಕೇಳಿದರು, "ಎಷ್ಟು ಹೊತ್ತಾಯ್ತಪ್ಪಾ?"

"ಮೂರು ಗಂಟೆ ಹೊತ್ತಾಗಿರ್ಬೇಕು ಮೇಡಂ."

"ನಲವತ್ತು ನಿಮಿಷ."

ಅವನ ಮುಖ ನೋಡಿ ನಮ್ಮ ನಗು ನಿಂತುಹೋಯಿತು. ಅವತ್ತಿನಿಂದ ಅದೇ ಗಡವ, ಒಳಗೆ ಯಾರಿದ್ದರೂ, ಆಗಾಗ ಬಾಗಿಲಿಗೆ ಬಂದು ಹೇಳುತ್ತಿದ್ದ: "ಲೋ, ಇಲ್ಲೇ ಇದೀನಿ. ಈಗ ನಾಲ್ಕು. ಐದಕ್ಕೆ ತೆಗೀತೀನಿ." ಐದಕ್ಕೆ ತೆಗೆಯುತ್ತಿದ್ದ.

ಇದರಿಂದ 'ಸಿಬ್ಬಂದಿಯ ಘನತೆಗೆ ಧಕ್ಕೆ' ಎಂದು ಬರೆದಿದ್ದೀರಿ. ಇನ್ನು ಮುಂದೆ ಪರದೆ ಮೇಲೆ ಚಿತ್ರ ತೋರಿಸಿ ಕಲಿಸುತ್ತೀರಂತೆ. ಒಳ್ಳೆಯದು. ಈಜನ್ನೂ ಹಾಗೇ ಕಲಿಸಿ. ದೊಡ್ಡವರ ಘನತೆ ನಲವತ್ತು ನಿಮಿಷಕ್ಕೆ ಕರಗಿಹೋಗುವುದಾದರೆ, ಮಕ್ಕಳದ್ದೇನು ಕಲ್ಲಾ?

ಮೇಡಂ ಮನೆಗೇ ಹೋಗಿ ಕೇಳಿದೆ. "ಫಲಕ ಗೋಡೆಗೆ ಹಾಕ್ಕೊಳಿ ಅಂದ್ರು ಕಣೋ, ಕೆಲಸಕ್ಕೆ ಮಾತ್ರ ಬರ್ಬೇಡಿ ಅಂದ್ರು," ಎಂದರು. ಫಲಕ ಇನ್ನೂ ಡಬ್ಬಿಯಲ್ಲೇ ಇತ್ತು.

ಈಗ ನನ್ನ ತಮ್ಮ ಒಳಗಿದ್ದಾನೆ. ವಯಸ್ಸು ಹದಿನಾಲ್ಕು. ತಪ್ಪು ಮಾಡಿದ್ದಾನೆ, ಇಲ್ಲ ಅನ್ನುವುದಿಲ್ಲ. ಹೆದರಿದರೆ ಅವನ ಬಾಯಿ ಕಟ್ಟಿಹೋಗುತ್ತದೆ. ಬಾಗಿಲು ಬಡಿಯುವುದಿಲ್ಲ, ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತುಬಿಡುತ್ತಾನೆ. ಒಳಗೆ ಸದ್ದಿಲ್ಲದಿದ್ದರೇ ಬೇಗ ಬಾಗಿಲು ತೆಗೆದು ನೋಡಬೇಕೆಂದು ಮೇಡಂ ಬೀಗ ತೆಗೆದ ಮೇಲೆ ಕಾವಲುಗಾರರಿಗೆ ಹೇಳುತ್ತಿದ್ದರು. ಚಿತ್ರ ನೋಡಿ ಬಂದವನು "ಪರ್ವಾಗಿಲ್ಲ, ತೆಪ್ಪಗಿದಾನೆ" ಅಂದುಕೊಂಡು ಹೊರಟುಹೋಗುತ್ತಾನೆ. ಗಡವ ಹೋದ ತಿಂಗಳು ನಿವೃತ್ತನಾದ. ಸೋಮವಾರ ಹೊಸ ಕಾವಲುಗಾರರು ಬರುತ್ತಿದ್ದಾರೆ.

ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಸೋಮವಾರದೊಳಗೆ ಸುತ್ತೋಲೆ ವಾಪಸ್ ತೆಗೆದುಕೊಳ್ಳಿ. ಮೇಡಂನ ಕರೆಸಿ, ಅವರ ಪಾಠ ಅವರೇ ಮಾಡಲಿ. ಆಗದಿದ್ದರೆ ಆ ಕೋಣೆಯ ಬಾಗಿಲನ್ನೇ ಕಿತ್ತುಹಾಕಿ. ನನ್ನ ತಮ್ಮ ಕೂಗುವುದಿಲ್ಲ. ಅದಕ್ಕೇ ನಾನು ಕೂಗುತ್ತಿದ್ದೇನೆ.

ಇಂತಿ,
ನಿಮ್ಮ ಕಡತದಲ್ಲಿ 'ಸುಧಾರಿಸಿದ ಬಾಲಕ' ಎಂದು ಬರೆಸಿಕೊಂಡು ಹೊರಬಂದವನು