ಹೊನ್ನಾಳಿಯಲ್ಲಿ ಬಿಟ್ಟ ಆಟ

೯-೧೦-೮೨, ಶನಿವಾರ, ಚನ್ನಗಿರಿ

ಆಫೀಸು ಮುಗಿಸಿ ಕ್ಲಬ್ಬು. ಹಾಲೇಶಣ್ಣನ ಜೊತೆ ನಾಲ್ಕು ಆಟ ರಮ್ಮಿ. ನಮ್ಮ ಆಫೀಸಿನಲ್ಲೇ ಹೆಡ್ ಕ್ಲಾರ್ಕ್ ಆಗಿ ರಿಟೈರಾದವರು, ನನಗೆ ಎಲೆ ಹಿಡಿಯಾಕೆ ಕಲಿಸಿದವರು. ಈಗ ಕಳಾವರ್ ಯಾವುದು, ಇಸ್ಪೀಟ್ ಯಾವುದು ಅಂತ ಮೂಗಿಗೆ ಹಿಡಿದು ನೋಡ್ತಾರೆ. ಕಣ್ಣಿಗೆ ಪೊರೆ. ಮುಂದಿನ ತಿಂಗಳು ಆಪರೇಷನ್. "ನಾಳೆ ಹೊನ್ನಾಳಿ ಟೂರ್ನಮೆಂಟೇ ಕೊನೇದು ಕಣೋ ತಿಪ್ಪೇಶ."

೧೦-೧೦-೮೨, ಸಂಜೆ ೭

ಕೊನೆಗೆ ಉಳಿದಿದ್ದು ನಾವಿಬ್ಬರೇ. ನೂರೊಂದು ಪಾಯಿಂಟ್ ಮುಟ್ಟಿದವನು ಔಟ್. ಆಡದೆ ಡ್ರಾಪ್ ಮಾಡಿದರೆ ಹತ್ತು ಪಾಯಿಂಟ್ ಏರ್ತದೆ. ಅವರದು ತೊಂಬತ್ನಾಲ್ಕು — ಬಿಡೋ ಹಂಗೇ ಇಲ್ಲ. ನನ್ನದು ಎಂಬತ್ನಾಲ್ಕು. ಒಂದು ಸಲ ಬಿಡಬಹುದು.

ಎಲೆ ಎತ್ತಿದೆ. ಎಲ್ಲಾ ಕೂತಿದ್ದವು. ಒಂದೇ ಒಂದು ಬಂದರೆ ಷೋ, ಆಟ ನನ್ನದು. ಎದುರಿಗೆ ಅವರು ಜೋಡಿಸ್ತಾ, ಕಿತ್ತು ಮತ್ತೆ ಜೋಡಿಸ್ತಾ... ಒಂದೊಂದು ಎಲೆನೂ ಮೂಗಿಗೆ ಹಿಡಿದು ನೋಡ್ತಿದ್ರು.

"ಡ್ರಾಪ್," ಅಂದೆ.

ಹಿಂದೆ ಕೂತು ನನ್ನ ಎಲೆ ನೋಡ್ತಿದ್ದ ನಮ್ಮ ಕ್ಲಬ್ಬಿನ ಬೈಲಪ್ಪ ಭುಜ ಹಿಸುಕಿದ. ಮುಂದಿನ ಆಟ ಹಾಲೇಶಣ್ಣನದೇ; ನಾನು ನೂರೊಂದು ದಾಟಿ ಔಟ್. ಕ್ಲಬ್ಬೆಲ್ಲ ಚಪ್ಪಾಳೆ. ಏನೋ ದೊಡ್ಡ ಉಪಕಾರ ಮಾಡಿದೆ ಅನ್ನಿಸ್ತು ನನಗೆ.

೧೬-೧-೮೩, ಭಾನುವಾರ

ಆಪರೇಷನ್ನಿಂದ ಉಪಯೋಗ ಆಗಲಿಲ್ಲ. ಈಗ ಬರೀ ಬೆಳಕು ಕಾಣ್ತದಂತೆ. ಬಸವಾಪಟ್ಟಣದ ಅವರ ಮನೆಗೆ ನೋಡಾಕೆ ಹೋದೆ. ಅವರ ಹೆಂಡತಿ ಬೊಮ್ಮಕ್ಕ ಕಾಫಿಗೆ ಅಂತ ಒಳಗೆ ಹೋಗಿದ್ದೇ ತಡ, ಹಾಲೇಶಣ್ಣ ಕೇಳಿದರು —

"ಬೈಲಪ್ಪ ಬಂದಿದ್ದ. ಅವತ್ತು ನಿನ್ನ ಎಲೆ ಹೆಂಗಿದ್ವು?"

"ಚೆನ್ನಾಗಿರಲಿಲ್ಲ ಅಣ್ಣಾ."

"ಕಣ್ಣು ಹೋಗೈತೆ ತಿಪ್ಪೇಶ. ಕಿವಿ ಹೋಗಿಲ್ಲ."

ಅವರು ನನ್ನ ಕಡೆ ಮುಖ ತಿರುಗಿಸಿದರು.

"ಸೋತಿದ್ರೆ ಸೋತೆ ಅಂತಿದ್ದೆ. ಮೂರು ತಿಂಗಳು ಊರಿಗೆಲ್ಲ ಗೆದ್ದೆ ಅಂತ ಹೇಳ್ಕೊಂಡು ಬಂದೆನಲ್ಲೋ. ಇನ್ನೊಂದು ಸಲ ಆಡಿ ಗೆಲ್ಲಾಕೂ ಆಗಲ್ಲ ಈಗ."

ಬೊಮ್ಮಕ್ಕ ಲೋಟ ಕೊಟ್ಟು ನಕ್ಕರು. "ಆ ಕಣ್ಣಾಗೇ ನಿಮ್ಮನ್ನೆಲ್ಲ ಸೋಲಿಸಿದರು ನೋಡ್ರಿ!"

ಹಾಲೇಶಣ್ಣ ಗೋಡೆ ಕಡೆ ತಿರುಗಿದರು.

೨-೨-೮೩

ಎರಡು ಸಲ ಹೋದೆ. ಎರಡು ಸಲವೂ "ಮಲಗಿದಾರೆ" ಅಂತ ಬೊಮ್ಮಕ್ಕ ಬಾಗಿಲಲ್ಲೇ.

ಆಡಬೇಕಿತ್ತು. ಆಡಿ ಸೋಲಿಸಬೇಕಿತ್ತು. ಅವರೇ ಗೆಲ್ಲುತ್ತಿದ್ದರೋ ಏನೋ... ಅದನ್ನೂ ನಾನೇ ಕಿತ್ತುಕೊಂಡೆ.

೬-೨-೮೩, ಭಾನುವಾರ, ಬೆಳಗ್ಗೆ

ತಪ್ಪಾಯ್ತು ಅಂತ ಕಾಗದ ಬರೆದೆ. ವಿಳಾಸವನ್ನೂ ಬರೆದಾಯ್ತು. ಆಮೇಲೆ ಹೊಳೀತು — ಅವರಿಗೆ ಓದಿ ಹೇಳೋರು ಬೊಮ್ಮಕ್ಕ. ಗಂಡ ಗೆದ್ದರು ಅಂತಲೇ ಆಕೆ ಇನ್ನೂ ನಂಬಿರೋದು.

ಕಾಗದ ಬೇಡ. ನಾನೇ ಹೋಗಬೇಕು. ಒಳಗೆ ಬಿಟ್ಟರೆ ಎದುರಿಗೆ ಕೂತು... ಅಣ್ಣಾ, ಅವತ್ತು ನಾನು —